ಭಾವನ ಎಡಮಂಡಿ

ಹಸಿರು ಬಟ್ಟೆ ಹೊದಿಸಿ, ಮಂಡಿಯೊಂದನ್ನೇ ಹೊರಗೆ ಬಿಟ್ಟು, ಕಂದು ಔಷಧಿ ಬಳಿದ ಮೇಲೆ ಎಲ್ಲರ ಕಾಲೂ ಒಂದೇ ಎಂದು ಕುಂದುಜ್ ಯಾವಾಗಲೂ ಹೇಳುತ್ತಿದ್ದಳು. ಇವತ್ತು ಆ ಮಾತು ಕೆಲಸಕ್ಕೆ ಬರಲಿಲ್ಲ. ಮೇಜಿನಾಚೆ ಇಳಿಬಿದ್ದ ಈ ಕಾಲು ಗಂಡನ ಅಣ್ಣನದು. ವಯಸ್ಸಿನಲ್ಲಿ ಅವನು ಅವಳಿಗಿಂತ ಒಂದಿಷ್ಟು ಚಿಕ್ಕವನೇ. ಆದರೂ ಭಾವ ಭಾವನೇ. ಮದುವೆಯಾಗಿ ಬಂದಂದಿನಿಂದ ಅವನ ಹೆಸರು ಅವಳ ಬಾಯಿಂದ ಹೊರಟಿಲ್ಲ, ಬರಿತಲೆಯಲ್ಲಿ ಅವನೆದುರು ಸುಳಿದವಳಲ್ಲ, ಮುಖವನ್ನು ನೇರ ದಿಟ್ಟಿಸಿದ ನೆನಪೂ ಇಲ್ಲ. ಅವನ ಕಣ್ಣಿನ ಬಣ್ಣ ಯಾವುದೆಂದು ಯಾರಾದರೂ ಕೇಳಿದರೆ ತಡವರಿಸಬೇಕು. ಅಂಥವಳು ಈಗ ಅವನ ಮೀನಖಂಡವನ್ನು ತನ್ನ ಸೊಂಟಕ್ಕೆ ಒತ್ತಿ ಹಿಡಿದು ನಿಂತಿದ್ದಾಳೆ. ಹಾಗೆ ಒತ್ತಿ ಹಿಡಿದರೇ ಮಂಡಿಯ ಒಳಮಗ್ಗುಲು ತುಸು ಬಾಯಿ ಬಿಡುವುದು, ಕ್ಯಾಮೆರಾದ ನಳಿಗೆಗೆ ದಾರಿಯಾಗುವುದು. ಬೆನ್ನಿಗೆ ಚುಚ್ಚುಮದ್ದು ಕೊಟ್ಟಿರುವುದರಿಂದ ಸೊಂಟದ ಕೆಳಗೆ ಅವನಿಗೆ ಏನೂ ಗೊತ್ತಾಗುವುದಿಲ್ಲ. ತನಗಾದರೂ ಎಷ್ಟು ಗೊತ್ತಾಗುತ್ತಿದೆ ಎಂದು ಅವಳಿಗೆ ಸಂಶಯವಾಯಿತು. ಬೆಳಿಗ್ಗೆ ಎದ್ದಾಗಿನಿಂದ ಹಲ್ಲುಜ್ಜಿದ್ದು, ಟ್ರಾಲಿಬಸ್ಸು ಹತ್ತಿದ್ದು, ಕೈ ತೊಳೆದದ್ದು ಎಲ್ಲವನ್ನೂ ಪಕ್ಕದ ಮನೆಯವರ ಕೆಲಸವೆಂಬಂತೆ ಮಾಡಿ ಮುಗಿಸಿದ್ದಳು.

ಕೊಯ್ಯುವ ಮುಂಚೆ ರೋಗಿಯ ಹೆಸರು, ಯಾವ ಕಾಲು ಎಂಬುದನ್ನು ಶಸ್ತ್ರವೈದ್ಯೆಯೇ ಗಟ್ಟಿಯಾಗಿ ಹೇಳಬೇಕು. ಅದು ಆಸ್ಪತ್ರೆಯ ಕಟ್ಟಳೆ. ಭಾವನ ಹೆಸರು ಬಾಯಲ್ಲಿ ಬರಬಾರದೆನ್ನುವುದು ಮನೆಯ ಕಟ್ಟಳೆ. ಕುಂದುಜ್ "ಎಡಮಂಡಿ" ಎಂದು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತ ನಿಂತುಬಿಟ್ಟಳು. ಸಲಕರಣೆ ಕೊಡುವ ನರ್ಸ್ ವೆರಾ ಪಾವ್ಲೊವ್ನಾ ರಷ್ಯನ್ ಹೆಂಗಸು, ಇದೇ ಬಿಷ್ಕೆಕ್‌ನಲ್ಲಿ ಹುಟ್ಟಿ ಬೆಳೆದವಳು. "ನಾನೇ ಹೇಳ್ತೀನಿ ಬಿಡಿ, ಕುಂದುಜ್ ಸಾಪಾರೊವ್ನಾ. ನಿಮ್ಮ ಸೊಸೆಯಂದಿರ ಪಾಡು ನನಗೆ ಗೊತ್ತಿಲ್ವಾ?" ಎಂದು, "ತುರ್ದುಬೆಕ್, ಎಡಮಂಡಿ" ಎಂದು ಕೂಗಿದಳು. ಬಟ್ಟೆಯ ಪರದೆಯ ಆಚೆಯಿಂದ ಭಾವ "ಹ್ಞಾಂ, ಇಲ್ಲೇ ಇದೀನಿ" ಎಂದು ಶಾಲೆಯ ಹಾಜರಿಗೆ ಉತ್ತರ ಕೊಟ್ಟಂತೆ ಹೇಳಿದ. ಅರಿವಳಿಕೆಯ ಡಾಕ್ಟರು ನಕ್ಕ. ಕುಂದುಜ್‌ಗೂ ನಗಬೇಕೆನಿಸಿತು, ಆದರೆ ಮುಖಕ್ಕೆ ಆ ಕೆಲಸ ಮರೆತುಹೋಗಿತ್ತು.

ಮಾತು ಬರದವಳೇನಲ್ಲ ಅವಳು. ಇವತ್ತೇ ಬೆಳಿಗ್ಗೆ ಒಬ್ಬ ಕುಸ್ತಿ ತರಬೇತುದಾರ ತನ್ನ ಶಿಷ್ಯೆಯನ್ನು ಕರೆದುಕೊಂಡು ಬಂದಿದ್ದ. ಎತ್ತಿನಂಥ ಆಳು, ಕಿವಿಯೆರಡೂ ಜಜ್ಜಿ ಮುದ್ದೆಯಾಗಿದ್ದವು. ಹೊಲಿದ ಮಂಡಿ ಇನ್ನೂ ಮಾಗಿಲ್ಲ, ಹುಡುಗಿಯನ್ನು ಆಗಲೇ ಚಾಪೆಗಿಳಿಸಿದ್ದ. "ಸುಮ್ನೆ ಮೈ ಸಡಿಲ ಆಗ್ಲಿ ಅಂತ, ಡಾಕ್ಟ್ರೇ" ಎಂದ. "ಅಗಾಯ್ ಮೇಷ್ಟ್ರೇ, ಈ ಮಂಡಿ ನಿಮ್ಮಪ್ಪನ ಮನೆ ಆಸ್ತಿಯಾ?" ಎಂದು ಕುಂದುಜ್ ಎದ್ದು ನಿಂತೇ ಕೇಳಿದ್ದಳು. "ನಾನು ಹೇಳೋವರೆಗೂ ಇವಳು ಮಂಡಿ ಮಡಚಿ ಕೂರೋ ಹಾಗಿಲ್ಲ. ನಮಾಜಿಗೂ ಇಲ್ಲ, ಊಟಕ್ಕೂ ಇಲ್ಲ. ಇನ್ನೊಂದು ಸಲ ಚಾಪೆ ಹತ್ತಿಸಿದ್ರೆ ನಿಮ್ಮ ಮಂಡೀನೇ ಬಿಚ್ಚಿ ನೋಡ್ತೀನಿ." ಆ ದೈತ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಮಂಡಿ ಉಳಿಸುವವಳು ಎಂದೇ ಕುಂದುಜ್ ಹೆಸರು ಮಾಡಿರುವುದು. ಮಂಡಿಯೊಳಗಿನ ಹರಿದ ಮೆತ್ತೆಯನ್ನು ಕತ್ತರಿಸಿ ಬಿಸಾಕಿ ಆಟಗಾರನನ್ನು ಬೇಗ ಬೇಗ ಕಳಿಸಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹಾಗೆ ಹೋದವರು ಕೆಲವು ವರ್ಷ ಆಡಿ, ಆಮೇಲೆ ಎಲುಬಿಗೆ ಎಲುಬು ಉಜ್ಜಿ, ಮೆಟ್ಟಿಲು ಹತ್ತಲಾರದೆ ವಾಪಸು ಬರುತ್ತಾರೆ. ಅವಳು ಹೊಲಿಯುತ್ತಾಳೆ. ಹೊಲಿದು, ತಿಂಗಳುಗಟ್ಟಲೆ ಕಾಯಿಸುತ್ತಾಳೆ. ಹೊಲಿಯುವುದಕ್ಕಿಂತ ಕಾಯಿಸುವುದೇ ಕಷ್ಟದ ಕೆಲಸ, ಅದಕ್ಕೆ ಸೂಜಿಗಿಂತ ನಾಲಿಗೆ ಹೆಚ್ಚು ಬೇಕು ಎಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವಳು.

ಕ್ಯಾಮೆರಾ ಒಳಗೆ ಹೋಯಿತು. ಟೀವಿ ಪರದೆಯ ಮೇಲೆ ಉಪ್ಪುನೀರಿನಲ್ಲಿ ತೇಲುವ ಬೆಳ್ಳನೆಯ ಲೋಕ. ಮೇಲಿನ ಎಲುಬಿನ ನುಣುಪು ಇನ್ನೂ ಕೆಟ್ಟಿಲ್ಲ. ಅದನ್ನು ಕಂಡು ಅವಳಿಗೆ ಸಮಾಧಾನವಾಯಿತು, ನಳಿಗೆಯನ್ನು ಕೆಳಗೆ ತಿರುಗಿಸಿದಳು. ಕೆಳಗೆ, ಎರಡು ಎಲುಬುಗಳ ನಡುವಿನ ಅರ್ಧಚಂದ್ರದ ಮೆತ್ತೆ ಒಳಗಂಚಿನುದ್ದಕ್ಕೂ ಕಿತ್ತುಬಂದು ಕೀಲಿನ ಮಧ್ಯೆ ಸಿಕ್ಕಿಕೊಂಡಿತ್ತು. ಚಳಿಗಾಲದ ಶುರುವಿನಲ್ಲಿ ಅವಳೇ ಹಾಕಿದ ಹೊಲಿಗೆಯ ನೀಲಿ ಎಳೆಗಳು ತುಂಡಾಗಿ ನೀರಿನಲ್ಲಿ ಆಡುತ್ತಿದ್ದವು. ಒಳ್ಳೆಯ ಹೊಲಿಗೆಯೇ ಅದು. ತಾನು ಹಾಕಿದ್ದರಲ್ಲೇ ಒಳ್ಳೆಯದು ಎಂದು ಆಗ ಅಂದುಕೊಂಡಿದ್ದಳು. ಭಾವ ನಾರಿನ್ ಕಡೆಯ ಹಳ್ಳಿಯ ತಂಡದಲ್ಲಿ ಕೋಕ್‌ಬೋರು ಆಡುವವನು. ಆಡಿನ ಮುಂಡವನ್ನು ಓಡುವ ಕುದುರೆಯ ಮೇಲಿಂದಲೇ ಬಗ್ಗಿ ಎತ್ತಿ, ಮಂಡಿಯ ಕೆಳಗೆ ಅವುಚಿಕೊಂಡು, ಹತ್ತು ಕೈಗಳು ಕಿತ್ತರೂ ಬಿಡದೆ ಹೋಗುವವನು. ಆ ಅವುಚುವ ಮಂಡಿಯೇ ಇದು. ಬೇರೆ ಡಾಕ್ಟರ ಹತ್ತಿರ ಕಳಿಸೋಣ ಎಂದು ಅವಳು ಗಂಡನ ಕೈಲಿ ಹೇಳಿಸಿದಾಗ ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡು, "ಮನೇಲೇ ಡಾಕ್ಟರ್ನ ಇಟ್ಕೊಂಡು ಕಂಡೋರ ಕೈಗೆ ನನ್ನ ಮಗನ ಕಾಲು ಕೊಡೋದಾ? ಊರೋರು ಏನಂದಾರು?" ಎಂದಿದ್ದಳು. ಅಲ್ಲಿಗೆ ಮುಗಿಯಿತು.

"ಏನು ಕಾಣ್ತಿದೆ, ಕೆಲಿನ್?" ಬಟ್ಟೆಯಾಚೆಯಿಂದ ಭಾವ ಕೇಳಿದ. ಮನೆಗೆ ಬಂದ ಸೊಸೆ ಎಂದರೆ ಹಿರಿಯರೆಲ್ಲರಿಗೂ ಕೆಲಿನ್. ಅವನು ಅವಳನ್ನು ಬೇರೆ ಯಾವ ಹೆಸರಿನಿಂದಲೂ ಕರೆದದ್ದಿಲ್ಲ. "ನೋಡ್ತಿದೀನಿ, ಬೈಕೆ" ಎಂದಳು; ಹಿರಿಯಣ್ಣನನ್ನು ಕರೆಯುವ ಆ ಮಾತೇ ಅವಳಿಗೆ ಅವನ ಹೆಸರಿನ ಬದಲು. ಭಾವನೆದುರು ಬರುವ ಆ ಸಣ್ಣ ದನಿ ತಾನಾಗಿಯೇ ಬಂದುಬಿಟ್ಟಿತು. ವೆರಾ ತಲೆಯೆತ್ತಿ ನೋಡಿದಳು. ಇಷ್ಟು ವರ್ಷ ಈ ಕೋಣೆಯಲ್ಲಿ ಅವಳು ಕೇಳಿರದ ದನಿ. ಕುಂದುಜ್‌ಗೆ ಕಿವಿ ಬಿಸಿಯಾಯಿತು.

ಚಳಿಗಾಲದಲ್ಲಿ ಒಂದು ದಿನ ನಾದಿನಿಗೆ ಓಲೆ ತೊಡಿಸಿ ಮದುವೆ ಗೊತ್ತುಮಾಡಲು ತಲಾಸ್‌ನಿಂದ ಬೀಗರು ಹಳ್ಳಿಯ ಮನೆಗೆ ಬಂದಿದ್ದರು. ಭಾವನ ಮಂಡಿಗೆ ಹೊಲಿಗೆ ಹಾಕಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಮಾವ ತೀರಿಕೊಂಡ ಮೇಲೆ ಮನೆಯ ಯಜಮಾನ ಭಾವನೇ, ಬೀಗರ ಪಕ್ಕದಲ್ಲಿ ಬಾಗಿಲಿಗೆ ದೂರದ ಗೌರವದ ಜಾಗದಲ್ಲಿ ಅವನೇ ಕೂರಬೇಕು. ಊರುಗೋಲನ್ನು ಜಗಲಿಯಲ್ಲೇ ಗೋಡೆಗೆ ಒರಗಿಸಿ ಒಳಗೆ ಬಂದ. ಕುಂದುಜ್ ಹೊಸ್ತಿಲ ಹತ್ತಿರ ಸಮೋವಾರ್ ಮುಂದೆ, ಬಿಳಿ ರುಮಾಲು ಕಟ್ಟಿಕೊಂಡು, ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತಿದ್ದಳು. ಬಿಷ್ಕೆಕ್‌ನಲ್ಲಿ ಏನಾಗಿದ್ದರೂ ಈ ಮನೆಯಲ್ಲಿ ಅವಳ ಜಾಗ ಅದು. ಅದರ ಬಗ್ಗೆ ಅವಳಿಗೆ ಎಂದೂ ಬೇಸರವಾಗಿರಲಿಲ್ಲ, ಹಾಗೆ ನೋಡಿದರೆ ಯಾರಿಗೂ ಏನೂ ಹೇಳಬೇಕಾಗಿಲ್ಲದ ಆ ಜಾಗ ಹಿತವಾಗಿಯೇ ಇತ್ತು. ಕಣ್ಣು ತಗ್ಗಿಸಿದವಳಿಗೆ ಕಂಡದ್ದು ಕಾಲುಗಳು ಮಾತ್ರ. ಬೀಗರ ದಪ್ಪ ಕಾಲುಚೀಲಗಳು, ಕಂಬಳಿಯ ಕೆಂಪು ಕೊಂಬಿನ ಚಿತ್ತಾರ, ಭಾವನ ಎಡಗಾಲು. ಹಾಸಿದ ಊಟದ ಬಟ್ಟೆಯ ಕಡೆ, ರೊಟ್ಟಿಯಿರುವ ಕಡೆ ಕಾಲು ಚಾಚುವ ಹಾಗಿಲ್ಲ. ಅದಕ್ಕಿಂತ ಅವಮಾನ ಬೇರೆ ಇಲ್ಲ, ಅದೂ ಬೀಗರ ಮುಂದೆ. ಭಾವ ಬಲಗಾಲು ಮಡಚಿದ. ಆಮೇಲೆ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಒಳಗೆಳೆದುಕೊಂಡ. ಎಷ್ಟು ಮಡಚಿದರೆ ಹೊಲಿಗೆ ತಡೆಯುತ್ತದೆ, ಎಲ್ಲಿಂದ ತಡೆಯುವುದಿಲ್ಲ ಎನ್ನುವುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ. ಕಾಲು ಆ ಜಾಗವನ್ನು ದಾಟಿದ್ದನ್ನು ಅವಳು ನೋಡಿದಳು. ಬೈಕೆ, ಬೇಡ ಎಂದರೆ ಸಾಕಿತ್ತು. ಎರಡು ಮಾತು. ಬೀಗರೆದುರು, ಅತ್ತೆಯೆದುರು, ಸೊಸೆಯಾದವಳು ಮನೆಯ ಯಜಮಾನನಿಗೆ ಹೀಗೆ ಕೂರು ಹಾಗೆ ಕೂರು ಎಂದು ಹೇಳುವ ಎರಡು ಮಾತು. ನಾಲಿಗೆ ಹೊರಳಲಿಲ್ಲ. ಚಹಾ ಬಗ್ಗಿಸಿದಳು. ಬಟ್ಟಲು ಕೈಯಿಂದ ಕೈಗೆ ಹೋಯಿತು. ಬೀಗರಲ್ಲಿ ಯಾರೋ, "ನಿಮ್ಮ ಸೊಸೆ ಅಷ್ಟು ದೊಡ್ಡ ಡಾಕ್ಟರಂತೆ, ನೋಡಿ ಎಷ್ಟು ತಗ್ಗಿ ಬಗ್ಗಿ ಇದಾಳೆ" ಎಂದು ಹೊಗಳಿದರು. ಅತ್ತೆಯ ಮುಖ ಅರಳಿತು. ಊಟ ಮುಗಿದು, ದುವಾ ಮಾಡಿ, ಎಲ್ಲರೂ ಏಳುವಾಗ ಭಾವ ಮಾತ್ರ ಸ್ವಲ್ಪ ಹೊತ್ತು ಕೂತೇ ಇದ್ದ. ಯಾರೋ ಕೈ ಕೊಟ್ಟರು. ಎದ್ದವನ ಹಣೆ ಬೆವೆತಿತ್ತು.  ಚಳಿಗಾಲವಿಡೀ ಅವನೂ ಏನೂ ಹೇಳಲಿಲ್ಲ. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು, ಚಾಚಲೂ ಆಗದೆ ಮಡಚಲೂ ಆಗದೆ ಒದ್ದಾಡಿದ ಮೇಲೆ ತಮ್ಮನಿಗೆ ಫೋನು ಮಾಡಿದ.

ಹೊರಗಿನ ಕಾರಿಡಾರಿನಲ್ಲಿ ಈಗ ಮನೆಯವರೆಲ್ಲ ಕೂತಿದ್ದಾರೆ. ಒಳಗೆ ಬರುವ ಮುಂಚೆ ಕುಂದುಜ್ ಶಸ್ತ್ರಕೋಣೆಯ ಬಟ್ಟೆಯಲ್ಲೇ ಅತ್ತೆಯೆದುರು ಬಗ್ಗಿ ನಮಸ್ಕರಿಸಿದ್ದಳು. ಅತ್ತೆ ಅವಳ ಹಸಿರು ಟೋಪಿ ನೋಡಿ, "ತಲೆ ಮುಚ್ಕೊಂಡಿದೀಯಲ್ಲ, ಒಳ್ಳೇದಾಯ್ತು ಕಣೇ" ಎಂದಿದ್ದಳು. ಹಿಂದಿನಿಂದ ಹೋಗುತ್ತಿದ್ದ ಇಬ್ಬರು ಡಾಕ್ಟರುಗಳು ಮುಸಿಮುಸಿ ನಕ್ಕದ್ದು ಕೇಳಿಸಿತ್ತು. ಗಂಡ ಸಮತ್ ಅವಳನ್ನು ಕಿಟಕಿಯ ಹತ್ತಿರ ಕರೆದಿದ್ದ. "ಅಣ್ಣನ ಹತ್ರ ಮಾತಾಡಿದೀನಿ. ಹೊಲಿಯೋದೋ ತೆಗೆಯೋದೋ ಒಳಗೆ ನೋಡಿ ನೀನೇ ತೀರ್ಮಾನ ಮಾಡ್ಬೇಕಂತೆ."

"ಹೊಲಿದ್ರೆ ಈ ಸಲ ನೆಲದ ಮೇಲೆ ಕೂರೋ ಹಾಗೇ ಇಲ್ಲ, ಕುದುರೆ ಮುಟ್ಟೋ ಹಾಗಿಲ್ಲ. ಮುಂದಿನ ವರ್ಷದವರೆಗೂ. ಅದನ್ನ ಹೇಳಿದ್ಯಾ?"

"ಹೇಳ್ದೆ. ಅಂದ್ರೆ... ಸ್ವಲ್ಪ ಹುಷಾರಾಗಿರ್ಬೇಕಾಗುತ್ತೆ ಅಂದೆ."

"ಸ್ವಲ್ಪ ಹುಷಾರು ಅಂದ್ಯಾ?"

"ಅವನು ನನಗೆ ಅಣ್ಣ ಕಣೇ. ಅಪ್ಪನ ಜಾಗದಲ್ಲಿರೋನು. ಮಗೂಗೆ ಹೇಳಿದ ಹಾಗೆ ಹೇಳಕ್ಕಾಗುತ್ತಾ?" ಸಮತ್ ಕಾರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ, "ಬೇಕಾದ್ರೆ ನೀನೇ ಹೇಳು" ಎಂದು, ತಾನು ಹೇಳಿದ್ದು ಆಗದ ಹೋಗದ ಮಾತೆಂದು ತನಗೇ ಹೊಳೆದು, ಕಿಟಕಿಯಾಚೆ ನೋಡಿದ. ಕುಂದುಜ್‌ಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನ ನಾಲಿಗೆ ಹೊರಳದಿದ್ದಕ್ಕೆ ಅವಳು ಯಾವ ಬಾಯಿಂದ ಬೈದಾಳು?

ಈಗ ಕೊಕ್ಕೆಯ ತುದಿಯಿಂದ ಮೆತ್ತೆಯನ್ನು ಮೀಟಿ ನೋಡಿದಳು. ಹೊರ ಅಂಚು, ರಕ್ತ ಬರುವ ಭಾಗ, ಇನ್ನೂ ಜೀವಂತವಾಗಿತ್ತು; ಕೆರೆದ ಕಡೆ ಕೆಂಪು ಚುಕ್ಕೆಗಳೆದ್ದವು. ಕಿತ್ತುಬಂದ ತುಂಡೂ ನುಜ್ಜಾಗಿರಲಿಲ್ಲ. ತಳ್ಳಿದರೆ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು, ಎಷ್ಟು ಚೆನ್ನಾಗಿ ಕೂತಿತೆಂದರೆ ಅರಿವಳಿಕೆಯ ಡಾಕ್ಟರು ಕೂಡ ಟೀವಿ ಪರದೆ ನೋಡಿ "ಓಹೋ" ಎಂದ. ಇನ್ನೊಂದು ಸಲ ಹೊಲಿಯಬಹುದು. ಬೇರೆ ಯಾರ ಮಂಡಿಯಾಗಿದ್ದರೂ ಈಗಾಗಲೇ ಸೂಜಿ ಕೈಯಲ್ಲಿರುತ್ತಿತ್ತು. ಆದರೆ ಹೊಲಿದ ಮೇಲೆ? ರಂಜಾನ್ ಬರುತ್ತದೆ, ಮಸೀದಿಯಲ್ಲಿ ಸಾಲಿನ ಮಧ್ಯೆ ಅವನೊಬ್ಬನೇ ಕುರ್ಚಿಯಲ್ಲಿ ಕೂರಬೇಕು. ನಾದಿನಿಯ ಮದುವೆ ಬರುತ್ತದೆ. ಬೀಗರು ಬರುತ್ತಾರೆ, ಕುದುರೆ ಬಾಗಿಲಲ್ಲಿ ಕೆನೆಯುತ್ತದೆ. ಪ್ರತಿ ಸಲವೂ ಅವಳು ಸಮೋವಾರ್ ಮುಂದೆ ತಲೆ ತಗ್ಗಿಸಿ ಕೂತು ಆ ಕಾಲು ಮಡಚಿಕೊಳ್ಳುವುದನ್ನು ನೋಡಬೇಕು, ಪ್ರತಿ ಸಲವೂ ಬಾಯಿಗೆ ಬೀಗ. ಅದನ್ನು ತಾನು ಮತ್ತೆ ನೋಡಲಾರೆ ಎನಿಸಿತು ಅವಳಿಗೆ. ಅವನ ಮಂಡಿ ಹೋಗುವುದಕ್ಕಿಂತ ಹೆಚ್ಚಾಗಿ, ತಾನು ನೋಡುತ್ತ ಕೂರುವುದು ಬೇಡ ಎನಿಸಿತು. ತೆಗೆದುಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಅವನು ನಾಳೆಯೇ ನಡೆಯುತ್ತಾನೆ, ಬೇಸಿಗೆಗೆ ಕುದುರೆ ಹತ್ತುತ್ತಾನೆ, ನೆಲದ ಮೇಲೆ ಹೇಗೆ ಬೇಕಾದರೂ ಕೂರುತ್ತಾನೆ, ಮನೆಮಂದಿಯೆಲ್ಲ ಸಂತೋಷಪಡುತ್ತಾರೆ. ನಲವತ್ತೈದಕ್ಕೋ ಐವತ್ತಕ್ಕೋ ಮಂಡಿ ಸವೆದು ಕೋಲು ಹಿಡಿದಾಗ, ಪಾಪ ಎಷ್ಟು ಆಡಿದ ಜೀವ ಎನ್ನುತ್ತಾರೆ. ಎರಡನೇ ಸಲದ ಹೊಲಿಗೆ ಅಷ್ಟಾಗಿ ನಿಲ್ಲುವುದಿಲ್ಲ ಎಂದು ಪುಸ್ತಕಗಳೂ ಹೇಳುತ್ತವೆ. ಯಾರು ಕೇಳಿದರೂ ಅವಳ ಹತ್ತಿರ ಉತ್ತರವಿದೆ. ಅಷ್ಟು ಸಲೀಸಾಗಿ ಉತ್ತರ ಸಿಕ್ಕಿದ್ದೇ ಅವಳಿಗೆ ಅಸಹ್ಯವಾಯಿತು.

"ಹೊಲಿಗೆ ಸಾಮಾನು ಬಿಚ್ಚಲಾ?" ವೆರಾ ಪೊಟ್ಟಣ ಹಿಡಿದು ನಿಂತಿದ್ದಳು.

"ಬೇಡ. ಕತ್ತರಿ ಕೊಡಿ."

ವೆರಾ ಕೊಟ್ಟಳು. ಕುಂದುಜ್ ಮುಂದಿನ ಕೊನೆಯನ್ನು ಕತ್ತರಿಸಿದಳು, ಹಿಂದಿನ ಕೊನೆಯನ್ನು ಕತ್ತರಿಸಿದಳು, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಚಿ ಹೊರಕ್ಕೆಳೆದಳು. ಸಣ್ಣ ಗಾಯದ ಬಾಯಿಯಲ್ಲಿ ಅದು ಒಂದು ಗಳಿಗೆ ತಡೆಯಿತು, ಆಮೇಲೆ ಬಂತು. ಉಕ್ಕಿನ ತಟ್ಟೆಯಲ್ಲಿ ಇಟ್ಟಾಗ ಬೆಳ್ಳಗೆ, ಒದ್ದೆಯಾಗಿ, ಕಿವಿಯ ತುಂಡಿನ ಹಾಗೆ ಕಂಡಿತು. ಕೆಲಸ ಅಚ್ಚುಕಟ್ಟಾಗಿತ್ತು. ಎದೆ ಹೊಡೆದುಕೊಳ್ಳುತ್ತದೇನೋ ಎಂದು ಕಾದಳು. ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಭಯವಾಗಬೇಕಿತ್ತು, ಅದೂ ದೂರದಲ್ಲೆಲ್ಲೋ ಆದಂತಿತ್ತು. ಉಳಿದ ಅಂಚನ್ನು ನಯ ಮಾಡುತ್ತ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮಂತಿ ಕಡುಬು ಖಾಲಿಯಾಗುವ ಮುಂಚೆ ಹೋಗಬೇಕು ಎಂದು ಯೋಚಿಸಿದಳು.

ಕಾರಿಡಾರಿನಲ್ಲಿ ಸುದ್ದಿ ಹೇಳಿದಾಗ ಅತ್ತೆ ಅವಳ ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟಳು. "ನಾಳೇನೇ ನಡೀತಾನಾ? ಹೋದ ಸಲ ಎಷ್ಟು ಗೋಳಾಡಿಸಿದ್ಯೇ, ಈ ಸಲ ಬೇಗ ಮುಗಿಸ್ದೆ ನೋಡು. ಕೈ ಪಳಗ್ತು." ಸಮತ್ ಹೆಗಲ ಮೇಲೆ ಕೈಯಿಟ್ಟು, "ಹೇಳ್ಲಿಲ್ವಾ ನಾನು, ಎಲ್ಲ ಸರಿಹೋಗುತ್ತೆ ಅಂತ" ಎಂದ. ಅವನ ಮುಖದಲ್ಲಿ ಹಗುರವಾಗಿದ್ದು ಎದ್ದು ಕಾಣುತ್ತಿತ್ತು. ಇನ್ನು ಅಣ್ಣನಿಗೆ ಏನೂ ಹೇಳಬೇಕಾಗಿಲ್ಲ. ಅವನ ಹಗುರ, ಅತ್ತೆಯ ಮುತ್ತು, ಕಾರಿಡಾರಿನ ತುದಿಯಲ್ಲಿ ಯಾರೋ ಒರೆಸಿದ ನೆಲದ ವಾಸನೆ ಎಲ್ಲವೂ ಅವಳ ಪಕ್ಕದಿಂದ ಹಾದುಹೋದವು. ಕ್ಯಾಂಟೀನಿಗೆ ಹೋಗಿ, ಮಂತಿ ತಟ್ಟೆಯ ಮುಂದೆ ಕೂತು, ತಿನ್ನದೆ ಎದ್ದು ಬಂದಳು.

ಸಂಜೆ ಭಾವ ಹೇಳಿಕಳಿಸಿದ. ವಾರ್ಡಿನಲ್ಲಿ ಅತ್ತೆ, ಸಮತ್ ಇಬ್ಬರೂ ಇದ್ದರು. "ನೀವಿಬ್ರೂ ಹೊರಗಿರಿ, ನನಗೆ ಡಾಕ್ಟರ್ ಹತ್ರ ಮಾತಿದೆ" ಎಂದ. ಕೆಲಿನ್ ಎನ್ನದೆ ಡಾಕ್ಟರ್ ಎಂದದ್ದಕ್ಕೆ ಅತ್ತೆ ಬೆಪ್ಪಾಗಿ ನೋಡಿ, ಎದ್ದು ಹೋದಳು. ಕುಂದುಜ್ ಮಂಚದ ಕಾಲ ಬದಿಯಲ್ಲಿ ನಿಂತಳು. ಹೊದಿಕೆಯಿಂದ ಹೊರಗೆ ಚಾಚಿದ್ದ ಅವನ ಪಾದದ ಬೆರಳುಗಳು ಇನ್ನೂ ಪೂರ್ತಿ ಅಲುಗಾಡುತ್ತಿರಲಿಲ್ಲ.

"ಹೊಲಿದ್ಯಾ, ಕೆಲಿನ್?"

"ಇಲ್ಲ, ಬೈಕೆ. ತೆಗೆದೆ."

 "ಅಮ್ಮ ಹೇಳಿದ್ಲು, ನಾಳೆ ನಡೀತೀಯಂತೆ ಅಂತ. ಆಗ್ಲೇ ಅನುಮಾನ ಆಯ್ತು" ಎಂದು ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಂಡಿದ. "ನಗಬೇಡ. ಊರಲ್ಲಿ ಮೇಜು ಕುರ್ಚಿ ಮಾಡಿಸಿ ಇಟ್ಟಿದೀನಿ. ಕಂಬಳಿ ಎಲ್ಲ ಸುತ್ತಿ ಮೂಲೆಗಿಟ್ಟಿದೆ. ಊರೋರು, ಏನಯ್ಯಾ ರಷ್ಯನ್ ಆಗ್ಬಿಟ್ಯಾ ಅಂತಾರೆ. ಅಮ್ಮ ಕುರ್ಚಿ ಮೇಲೆ ಕೂತ್ರೆ ಕಾಲು ನೆಲಕ್ಕೆ ಎಟಕಲ್ಲ, ದಿನಾ ಬೈತಾಳೆ. ಮಸೀದಿಲೂ ಮುಲ್ಲಾಗೆ ಹೇಳಿದೀನಿ, ಕುರ್ಚಿ ಹಾಕ್ಕೊಂಡೇ ನಮಾಜು ಮಾಡ್ತೀನಿ ಅಂತ. ಕುದುರೇನ ಸೋದರತ್ತೆ ಮಗನ ಜೊತೆ ಬೆಟ್ಟಕ್ಕೆ ಅಟ್ಟಿಬಿಟ್ಟೆ. ಕಣ್ಣಮುಂದೆ ಇದ್ರೆ ಮನಸ್ಸು ತಡೀಯಲ್ಲ ನೋಡು."

ಕುಂದುಜ್ ತಲೆಯೆತ್ತಿದಳು.

"ಹೋದ ಸಲ ತಪ್ಪಾಯ್ತು. ಬೀಗರು ಬಂದಿದ್ರಲ್ಲ, ಕೂರೋವಾಗ ನಿನ್ನ ಕಡೆ ನೋಡ್ದೆ. ನೀನು ತಲೆ ಬಗ್ಗಿಸ್ಕೊಂಡಿದ್ದೆ. ಡಾಕ್ಟರೇ ಸುಮ್ನಿದಾಳೆ ಅಂದ್ರೆ ಪರವಾಗಿಲ್ಲ ಅಂದ್ಕೊಂಡೆ. ಆಮೇಲೆ ಯೋಚನೆ ಬಂತು, ಪಾಪ, ಅವಳು ಅಷ್ಟು ಜನದ ಮುಂದೆ ನನಗೆ ಹೇಗೆ ಹೇಳ್ತಾಳೆ ಅಂತ. ಅದಕ್ಕೇ ಈ ಸಲ ನೀನು ಬಾಯಿ ತೆಗೀಬೇಕಾದ್ದೇ ಬೇಡ ಅಂತ ಎಲ್ಲ ಮೊದಲೇ ಮಾಡಿಟ್ಟೆ. ಸಮತ್‌ಗೂ ಹೇಳಿರ್ಲಿಲ್ಲ, ಅಮ್ಮಂಗೂ ಬಾಯಿ ಬಿಡಬೇಡ ಅಂದಿದ್ದೆ. ಅವನು ಹೊಟ್ಟೇಲಿ ಮಾತು ಇಟ್ಕೊಳಲ್ಲ, ನಿನಗೆ ಹೇಳಿ ನಗ್ತಾನೆ ಅಂತ." ಅವನು ತಡೆದು ಕೇಳಿದ. "ಹೊಲಿಯೋಕ್ಕೆ ಆಗ್ತಾನೇ ಇರ್ಲಿಲ್ವಾ?"

ಅವಳು ಅವನ ಮುಖವನ್ನು ನೇರ ನೋಡುತ್ತಿದ್ದಳು. ಬಿಸಿಲಿಗೆ ಸುಟ್ಟ, ದೊಡ್ಡ, ಸರಳವಾದ ಮುಖ. ಉತ್ತರಕ್ಕೆ ಹೆದರಿಕೊಂಡು ಕಾಯುತ್ತಿತ್ತು. ಆಗುತ್ತಿತ್ತು ಎಂದರೆ ಅವನು ಏನು ಮಾಡುತ್ತಾನೆ? ಬೈಯುವುದಿಲ್ಲ. ಯಾರಿಗೂ ಹೇಳುವುದೂ ಇಲ್ಲ. ಹೊಟ್ಟೆಯಲ್ಲಿ ಹಾಕಿಕೊಂಡು, ಮೇಜು ಕುರ್ಚಿಯನ್ನು ಯಾರಿಗಾದರೂ ಕೊಟ್ಟು, ಸುಮ್ಮನಾಗುತ್ತಾನೆ. ಅದು ಗೊತ್ತಿದ್ದೂ ಅವಳ ಬಾಯಿಂದ ಹೊರಟದ್ದು ಬೇರೆ ಮಾತು.

"ಆಗ್ತಿರ್ಲಿಲ್ಲ, ಬೈಕೆ. ಪೂರ್ತಿ ನುಜ್ಜಾಗಿತ್ತು."

"ಹಾಗಾದ್ರೆ ನನ್ನಿಂದಾನೇ ಹೋಯ್ತು." ಅವನು ತಲೆದಿಂಬಿಗೆ ಒರಗಿ ದೊಡ್ಡ ಉಸಿರು ಬಿಟ್ಟ. "ಒಂದು ದಿನ ಮರ್ಯಾದೆ ನೋಡ್ಕೊಂಡಿದ್ದಕ್ಕೆ. ನಿನ್ನ ಕೆಲಸಾನೂ ಹಾಳು ಮಾಡ್ದೆ. ಮನಸ್ಸಿಗೆ ಹಚ್ಕೋಬೇಡ, ಕೆಲಿನ್." ಆಮೇಲೆ ಎದ್ದು ಕೂರಲು ಹವಣಿಸಿದ, ಕೆಳಗಿನ ಅರ್ಧ ಮೈ ಬರದೆ, ಮೊಣಕೈ ಊರಿ ಹೇಗೋ ಅರ್ಧ ಎದ್ದ. ಹಿರಿಯರು ಹರಸುವಂತೆ ಎರಡೂ ಅಂಗೈಗಳನ್ನು ಮುಂದೆ ತೆರೆದು ಹಿಡಿದ. ಬಾಗಿಲಾಚೆಗಿದ್ದ ತಾಯಿಯನ್ನೂ ತಮ್ಮನನ್ನೂ ಕೂಗಿ ಕರೆದ. ಅವರೂ ಬಂದು ಕೈ ತೆರೆದು ನಿಂತರು. "ನಮ್ಮ ಕೆಲಿನ್‌ನ ಕೈಗೆ ಬರಕತ್ತು ಇರ್ಲಿ. ಆ ಕೈಯಿಂದ ಇನ್ನೂ ಸಾವಿರ ಜನದ ಮಂಡಿ ಉಳೀಲಿ. ಓಮಿನ್" ಎಂದ. ಓಮಿನ್ ಎನ್ನುತ್ತ ಅತ್ತೆ ಮುಖ ಸವರಿಕೊಂಡಳು, ಸಮತ್ ಸವರಿಕೊಂಡ. ಮೂವರೂ ಅವಳ ಕಡೆ ನೋಡಿದರು. ಕುಂದುಜ್ ಎರಡೂ ಕೈಗಳನ್ನು ಮುಖದ ಮೇಲಿಂದ ಕೆಳಗೆ ತಂದು, ಓಮಿನ್ ಅಂದಳು.